ತಾಳಗುಪ್ಪ ದಾರಿಯ ಸಣ್ಣ ಸ್ಟೇಷನ್‌ಗಳು: ಯಾಕೆ ಹುಟ್ಟಿದವು, ಯಾಕೆ ಸೊರಗಿದವು

ಶಿವಮೊಗ್ಗದಿಂದ ತಾಳಗುಪ್ಪದ ಕಡೆ ರೈಲು ಹೊರಟರೆ ಕುಂಸಿ, ಅರಸಾಳು, ಕೆಂಚನಾಲ, ಆನಂದಪುರ ಅಂತ ಒಂದೊಂದೇ ಹೆಸರು ದಾಟುತ್ತವೆ. ಕೆಲವು ಕಡೆ ಪ್ಲಾಟ್‌ಫಾರ್ಮಿನ ಆಚೆಗೇ ಕಾಡು. ಕೆಲವು ಕಡೆ ಇಳಿಯುವವರು ನಾಲ್ಕೈದು ಜನ, ಹತ್ತುವವರು ಅದಕ್ಕಿಂತ ಕಡಿಮೆ. ಇಷ್ಟು ಸಣ್ಣ ಊರಿಗೆ ಆ ಕಾಲದಲ್ಲಿ ಸ್ಟೇಷನ್ ಯಾಕೆ ಕಟ್ಟಿದರು, ಅದೂ ಸ್ಟೇಷನ್ ಮಾಸ್ತರು, ಕ್ವಾರ್ಟರ್ಸು, ಸಿಗ್ನಲ್ಲು ಎಲ್ಲ ಇಟ್ಟು? ಇದಕ್ಕೆ ಉತ್ತರ ಊರಿನ ಜನಸಂಖ್ಯೆಯಲ್ಲಿ ಸಿಗುವುದಿಲ್ಲ. ಈ ಸ್ಟೇಷನ್‌ಗಳು ಮೊದಲು ಬೇಕಾಗಿದ್ದು ರೈಲಿಗೆ, ಆಮೇಲೆ ಸರಕಿಗೆ, ಕೊನೆಗೆ ಊರಿಗೆ. ರೈಲಿಗೂ ಸರಕಿಗೂ ಅವುಗಳ ಅಗತ್ಯ ಕಡಿಮೆಯಾದಾಗ ಊರಿನ ಅಗತ್ಯವೊಂದೇ ಉಳಿಯಿತು, ಅದನ್ನು ಕೇಳುವವರು ಕಡಿಮೆಯಾದರು. ಈ ದಾರಿಯ ಚರಿತ್ರೆ ಅರ್ಥವಾಗಬೇಕಾದರೆ ಒಂಟಿ ಹಳಿಯ ಮೇಲೆ ರೈಲು ಓಡುವುದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ದಾರಿ ಬಂದ ಬಗೆ

ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ಹಳಿ (ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಗಲ) 1884ರಲ್ಲಿ ತುಮಕೂರು ಮುಟ್ಟಿ, 1889ರಲ್ಲಿ ಹರಿಹರ ತಲುಪಿತು. ಆ ದಾರಿಯ ಬೀರೂರಿನಿಂದ ಕವಲೊಡೆದು ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ಬಂದ ಹಳಿ 1899ರಲ್ಲಿ ಸಂಚಾರಕ್ಕೆ ತೆರೆಯಿತು. ಸುಮಾರು 60 ಕಿ.ಮೀ. ದೂರ. ಅಲ್ಲಿಂದ ಮುಂದೆ ಹೋಗುವುದಕ್ಕೆ ಮೂರು ದಶಕ ಕಾಯಬೇಕಾಯಿತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ಇಲಾಖೆ ಹಂತ ಹಂತವಾಗಿ ಅರಸಾಳು, ಆನಂದಪುರ, ಸಾಗರದ ಕಡೆ ಹಳಿ ಹಾಕುತ್ತ ಹೋಯಿತು. 1940ರಲ್ಲಿ ಅದು ತಾಳಗುಪ್ಪ ಮುಟ್ಟಿ ನಿಂತಿತು. ಅಲ್ಲಿಂದ ಜೋಗ ಸುಮಾರು 15 ಕಿ.ಮೀ. ಘಟ್ಟ ಇಳಿದು ಹೊನ್ನಾವರಕ್ಕೆ ಹಳಿ ಹಾಕಬೇಕೆಂಬ ಮಾತು ಹಳೆಯದು, ಇನ್ನೂ ಮಾತಾಗಿಯೇ ಇದೆ.

ಇಸವಿಯನ್ನು ಗಮನಿಸಿ. ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯುವ ಜೋಗದ ಕಾಮಗಾರಿ ಶುರುವಾದದ್ದೂ 1930ರ ದಶಕದ ಕೊನೆಯಲ್ಲೇ. ಆ ವಿದ್ಯುದಾಗಾರ, ಇವತ್ತಿನ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ, 1948ರಲ್ಲಿ ಕೆಲಸ ಆರಂಭಿಸಿತು. ಟರ್ಬೈನು, ಪೈಪು, ಸಿಮೆಂಟಿನಂಥ ಭಾರದ ಸಾಮಾನನ್ನು ಮಳೆಗಾಲದಲ್ಲಿ ಕೆಸರಾಗುವ ಗಾಡಿ ರಸ್ತೆಯಲ್ಲಿ ಸಾಗಿಸುವುದು ಎಷ್ಟು ಕಷ್ಟ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಳಿ ಜೋಗದ ಹೊಸ್ತಿಲವರೆಗೆ ಹೋಗಿದ್ದು ಪ್ರವಾಸಿಗರಿಗಾಗಿ ಅಲ್ಲ.

ಆಡಳಿತ ಆಮೇಲೆ ಕೈ ಬದಲಾಯಿತು. 1951ರ ಏಪ್ರಿಲ್ 14ರಂದು ಮೈಸೂರು ರಾಜ್ಯದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಹುಟ್ಟಿದಾಗ ಈ ದಾರಿ ಅದರ ಮೈಸೂರು ವಿಭಾಗಕ್ಕೆ ಬಂತು.

ಜಾಗ ಆರಿಸಿದ್ದು ನೆಲ ನೋಡಿ

ಸ್ಟೇಷನ್ ಎಲ್ಲಿ ಬರಬೇಕು ಎಂದು ತೀರ್ಮಾನಿಸುವಾಗ ಎಂಜಿನಿಯರು ಮೊದಲು ನೋಡುವುದು ಇಳಿಜಾರು. ಸ್ಟೇಷನ್ ಅಂಗಳದಲ್ಲಿ ಇಳಿಜಾರು 400ಕ್ಕೆ 1ಕ್ಕಿಂತ ಹೆಚ್ಚಿರಬಾರದು, ಅಂದರೆ 400 ಮೀಟರ್ ಹೋದರೆ 1 ಮೀಟರ್ ಏರಬಹುದು. 1200ಕ್ಕೆ 1 ಇದ್ದರೆ ಉತ್ತಮ. ಕಾರಣ ಸರಳ: ಎಂಜಿನ್ ಬಿಚ್ಚಿಟ್ಟ ವ್ಯಾಗನ್ನು ಸ್ವಲ್ಪ ಇಳಿಜಾರಿದ್ದರೂ ತಾನಾಗಿ ಉರುಳುತ್ತದೆ. ಒಂದು ಸಲ ಉರುಳಿ ಸ್ಟೇಷನ್ ದಾಟಿ ಒಂಟಿ ಹಳಿಗೆ ಇಳಿದರೆ ಎದುರಿನಿಂದ ಬರುವ ಗಾಡಿಗೆ ಅದನ್ನು ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅದಕ್ಕೇ ನಿಲ್ಲಿಸಿದ ವ್ಯಾಗನ್ನಿನ ಕೈಬ್ರೇಕು ಬಿಗಿದು, ಗಾಲಿಗೆ ಮರದ ಬೆಣೆ ಕೊಟ್ಟು, ಸರಪಳಿ ಹಾಕಿ ಬೀಗ ಹಾಕುವ ರೂಢಿ.

ಮಲೆನಾಡಿನಲ್ಲಿ ಅಷ್ಟು ಉದ್ದಕ್ಕೆ ಸಮನೆಲ ಸಿಗುವುದು ಅಪರೂಪ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗದ್ದೆ ಬಯಲು. ಗದ್ದೆ ಬಯಲಿನಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಊರು ಇರುವುದು ಹೆಚ್ಚಾಗಿ ಗುಡ್ಡದ ಬುಡದಲ್ಲಿ. ಹೀಗಾಗಿ ಹಳಿಗೆ ಹೊಂದುವ ಚಪ್ಪಟೆ ದಿಣ್ಣೆ ಎಲ್ಲಿ ಸಿಕ್ಕಿತೋ ಅಲ್ಲಿ ಸ್ಟೇಷನ್ ಬಂತು. ಸಾಗರದ ಸ್ಟೇಷನ್ನಿಗೆ ಇವತ್ತಿಗೂ ಜಂಬಗಾರು ಎಂಬ ಹೆಸರು ಅಂಟಿಕೊಂಡಿರುವುದು ಅದು ಹಳೆಯ ಪೇಟೆಯ ನಡುವೆ ಬರದೆ ಜಂಬಗಾರಿನಲ್ಲಿ ಬಂದದ್ದರಿಂದ.

ಎರಡನೆಯದು ನೀರು. ಉಗಿ ಎಂಜಿನ್ನಿಗೆ ಕಲ್ಲಿದ್ದಲಿಗಿಂತ ಬೇಗ ಮುಗಿಯುವುದು ನೀರು. ಆದ್ದರಿಂದ ಬೇಸಗೆಯಲ್ಲೂ ಬತ್ತದ ಬಾವಿ ಅಥವಾ ಹಳ್ಳ ಹತ್ತಿರ ಇರುವ ಸ್ಟೇಷನ್ನನ್ನು ಆರಿಸಿ ಎತ್ತರದ ಟ್ಯಾಂಕು, ಹಳಿಯ ಪಕ್ಕ ತಿರುಗುವ ಸೊಂಡಿಲಿನ ನೀರಿನ ಕಂಬ ಹಾಕುತ್ತಿದ್ದರು. ಎಲ್ಲ ಸ್ಟೇಷನ್ನಿನಲ್ಲೂ ಇದು ಇರುತ್ತಿರಲಿಲ್ಲ. ಡೀಸೆಲ್ ಎಂಜಿನ್ ಬಂದ ಮೇಲೆ ಈ ಕಾರಣ ಪೂರ್ತಿ ಬಿದ್ದುಹೋಯಿತು.

ಮೂರನೆಯದು ಸ್ಟೇಷನ್ ಸ್ಟೇಷನ್ ನಡುವಿನ ಅಂತರ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಒಂಟಿ ಹಳಿಯ ಲೆಕ್ಕ

ಒಂಟಿ ಹಳಿಯಲ್ಲಿ ಎದುರುಬದುರು ಬರುವ ಎರಡು ಗಾಡಿ ದಾಟುವುದು ಸ್ಟೇಷನ್ನಿನಲ್ಲಿ ಮಾತ್ರ ಸಾಧ್ಯ. ಅಲ್ಲಿ ಮುಖ್ಯ ಹಳಿಯಿಂದ ಲೂಪ್ ಎಂಬ ಎರಡನೇ ಹಳಿ ಕವಲೊಡೆದು ಮುಂದೆ ಮತ್ತೆ ಸೇರುತ್ತದೆ. ಒಂದು ಗಾಡಿ ಲೂಪಿನಲ್ಲಿ ಕಾಯುತ್ತದೆ, ಇನ್ನೊಂದು ಮುಖ್ಯ ಹಳಿಯಲ್ಲಿ ದಾಟುತ್ತದೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಎರಡು ಕ್ರಾಸಿಂಗ್ ಸ್ಟೇಷನ್‌ಗಳ ನಡುವಿನ ಹಳಿಗೆ ಬ್ಲಾಕ್ ಸೆಕ್ಷನ್ ಎಂದು ಹೆಸರು. ಒಂದು ಬ್ಲಾಕ್ ಸೆಕ್ಷನ್ನಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ. ಈ ಒಂದು ನಿಯಮದಿಂದ ಉಳಿದದ್ದೆಲ್ಲ ಹುಟ್ಟುತ್ತದೆ.

ದಿನಕ್ಕೆ ಎಷ್ಟು ಗಾಡಿ ಬಿಡಬಹುದು ಎಂದು ತಿಳಿಯಲು ರೈಲ್ವೆಯಲ್ಲಿ ಸ್ಕಾಟ್ ಸೂತ್ರವನ್ನು ಬಳಸುತ್ತಾರೆ. ದಿನದ 1440 ನಿಮಿಷವನ್ನು, ಅತಿ ನಿಧಾನದ ಗಾಡಿ ಸೆಕ್ಷನ್ ದಾಟುವ ನಿಮಿಷ ಮತ್ತು ಲೈನ್ ಕ್ಲಿಯರ್ ಕೆಲಸಕ್ಕೆ (ಮುಂದಿನ ಹಳಿ ಖಾಲಿ ಇದೆಯೆಂದು ಕೇಳಿ ಒಪ್ಪಿಗೆ ಪಡೆಯುವುದಕ್ಕೆ) ಹಿಡಿಯುವ ನಿಮಿಷ ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ಬಂದದ್ದರಲ್ಲಿ ನೂರಕ್ಕೆ 70 ಭಾಗ ಮಾತ್ರ ಹಿಡಿಯಬೇಕು. ಉಳಿದ 30 ಭಾಗ ತಡ, ದುರಸ್ತಿ, ಕಾಯುವಿಕೆಗೆ ಹೋಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಸೆಕ್ಷನ್ 10 ಕಿ.ಮೀ., ಗೂಡ್ಸ್ ಗಾಡಿಯ ವೇಗ ಗಂಟೆಗೆ 30 ಕಿ.ಮೀ. ಇದ್ದರೆ ದಾಟಲು 20 ನಿಮಿಷ, ಲೈನ್ ಕ್ಲಿಯರ್ ಕೆಲಸಕ್ಕೆ 5 ನಿಮಿಷ, ಒಟ್ಟು 25. 1440ನ್ನು 25ರಿಂದ ಭಾಗಿಸಿದರೆ ಸುಮಾರು 57, ಅದರ 70 ಭಾಗ 40 ಗಾಡಿ. ಈಗ ನಡುವಿನ ಒಂದು ಸ್ಟೇಷನ್ ತೆಗೆದುಬಿಟ್ಟರೆ ಸೆಕ್ಷನ್ 20 ಕಿ.ಮೀ. ಆಗುತ್ತದೆ. ದಾಟಲು 40, ಕೆಲಸಕ್ಕೆ 5, ಒಟ್ಟು 45 ನಿಮಿಷ. ಸಾಮರ್ಥ್ಯ 22ಕ್ಕೆ ಕುಸಿಯುತ್ತದೆ. ಊರಿಲ್ಲದ ಕಾಡಿನಲ್ಲೂ ಸ್ಟೇಷನ್ ಬೇಕಾಗಿದ್ದು ಇದಕ್ಕೇ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ನಡುವಿನ ಸ್ಟೇಷನ್ ಇಲ್ಲ, ಸೆಕ್ಷನ್ 20 ಕಿ.ಮೀ.ಯೇ, ಆದರೆ ಗಾಡಿಯ ವೇಗ 60 ಕಿ.ಮೀ. ಆಯಿತು ಅಂದುಕೊಳ್ಳಿ. ದಾಟಲು 20 ನಿಮಿಷ, ಕೆಲಸಕ್ಕೆ 5, ಮತ್ತೆ 25. ಸಾಮರ್ಥ್ಯ ಮತ್ತೆ 40. ವೇಗ ಎರಡು ಪಟ್ಟಾದ ದಿನ ಎರಡರಲ್ಲಿ ಒಂದು ಸ್ಟೇಷನ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಬ್ರಾಡ್‌ಗೇಜ್ ಅಂದರೆ ಅಗಲ ಹಳಿ ಆದ ಕವಲು ದಾರಿಗಳಲ್ಲಿ ಹಲವು ಸಣ್ಣ ಸ್ಟೇಷನ್‌ಗಳು ಲೂಪ್ ಕಳೆದುಕೊಂಡು ಬರೀ ಹಾಲ್ಟ್ (ಗಾಡಿ ನಿಂತು ಹೋಗುವ ತಾಣ) ಆದದ್ದರ ಹಿಂದಿನ ಗಣಿತ ಇದು. ಊರಿನ ಮೇಲೆ ಯಾರಿಗೂ ದ್ವೇಷ ಇರಲಿಲ್ಲ, ಲೆಕ್ಕದಲ್ಲಿ ಊರೇ ಇರಲಿಲ್ಲ. ಆ ಲೆಕ್ಕದಲ್ಲಿ ಊರೂ ಇರಬೇಕಿತ್ತು.

ಗುಂಡು ಕೊಟ್ಟು ಗುಂಡು ಪಡೆಯುವುದು

ಒಂದು ಸೆಕ್ಷನ್ನಿನಲ್ಲಿ ಒಂದೇ ಗಾಡಿ ಎಂಬುದನ್ನು ಬಾಯಿಮಾತಿಗೆ ಬಿಟ್ಟರೆ ಅಪಘಾತ ಖಂಡಿತ. ಅದಕ್ಕೇ ಟೋಕನ್ ಬಂತು. ಒಂಟಿ ಹಳಿಯ ದಾರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ನೀಲ್ ಹೆಸರಿನ ಗುಂಡಿನ ಟೋಕನ್ ಯಂತ್ರ. ಎರಡು ಅಕ್ಕಪಕ್ಕದ ಸ್ಟೇಷನ್ನಿನಲ್ಲಿ ಒಂದೊಂದು ಯಂತ್ರ, ಎರಡರ ನಡುವೆ ತಂತಿಯ ಸಂಪರ್ಕ. ಒಳಗೆ ಲೋಹದ ಗುಂಡುಗಳು. ಎರಡೂ ಯಂತ್ರ ಸೇರಿ ಒಂದು ಸಲಕ್ಕೆ ಒಂದೇ ಗುಂಡು ಹೊರಗೆ ಬರುವ ಹಾಗೆ ಅದರ ಬೀಗದ ಏರ್ಪಾಡು ಇರುತ್ತದೆ. ಗುಂಡು ಕೈಯಲ್ಲಿಲ್ಲದೆ ಡ್ರೈವರು ಸೆಕ್ಷನ್ನಿಗೆ ಕಾಲಿಡುವಂತಿಲ್ಲ.

ಅರಸಾಳಿನಿಂದ ಕುಂಸಿಗೆ ಗಾಡಿ ಬಿಡಬೇಕು ಎಂದಿಟ್ಟುಕೊಂಡರೆ ಕೆಲಸ ಹೀಗೆ ಸಾಗುತ್ತದೆ. ಅರಸಾಳಿನ ಮಾಸ್ತರು ಯಂತ್ರದ ಗಂಟೆಯನ್ನು ಒಂದು ಸಲ ಬಾರಿಸಿ ಗಮನ ಸೆಳೆಯುತ್ತಾರೆ, ಕುಂಸಿಯವರು ಅದೇ ಗಂಟೆಯಿಂದ ಉತ್ತರಿಸುತ್ತಾರೆ. ಫೋನಿನಲ್ಲಿ ಗಾಡಿಯ ನಂಬರು ಹೇಳಿ ಲೈನ್ ಕ್ಲಿಯರ್ ಕೇಳುತ್ತಾರೆ. ಎರಡು ಸಲ ಗಂಟೆ ಅಂದರೆ ಲೈನ್ ಖಾಲಿ ಇದೆಯೇ ಎಂಬ ಪ್ರಶ್ನೆ. ಕುಂಸಿಯ ಮಾಸ್ತರು ಒಪ್ಪುವ ಮೊದಲು ಎರಡು ಸಂಗತಿ ಖಚಿತ ಮಾಡಿಕೊಳ್ಳಬೇಕು. ಹಿಂದಿನ ಗಾಡಿ ಪೂರ್ತಿಯಾಗಿ ಬಂದು ಸೇರಿದೆ. ತಮ್ಮ ಮೊದಲ ಸಿಗ್ನಲ್ಲಿನವರೆಗೂ ಅದರಿಂದ ಒಳಕ್ಕೆ 400 ಮೀಟರಿನವರೆಗೂ ಹಳಿ ಖಾಲಿ ಇದೆ. ಆ ಮೇಲೆ ಗುಟ್ಟಿನ ಸಂಖ್ಯೆ ಕೊಡುತ್ತಾರೆ. ಇದು ಮೊದಲೇ ಅಚ್ಚಾದ ಹಾಳೆಯಿಂದ ಸಾಲಾಗಿ ತೆಗೆಯುವ ಎರಡಂಕಿಯ ಸಂಖ್ಯೆ, ಎರಡೂ ಕಡೆಯ ರಿಜಿಸ್ಟರಿನಲ್ಲಿ ಬರೆಯಬೇಕು. ನಾಳೆ ಏನಾದರೂ ಆದರೆ ಯಾರು ಏನು ಹೇಳಿದರು ಎಂಬುದಕ್ಕೆ ಇದೇ ಸಾಕ್ಷಿ. ಯಂತ್ರದ ಹಿಡಿ ತಿರುಗಿ ಗುಂಡು ಅರಸಾಳಿನಲ್ಲಿ ಹೊರಬರುತ್ತದೆ. ಗಾಡಿ ಹೊರಟಾಗ ಮೂರು ಸಲ ಗಂಟೆ, ಕುಂಸಿ ಸೇರಿ ಗುಂಡು ಅಲ್ಲಿನ ಯಂತ್ರದೊಳಗೆ ಬಿದ್ದಾಗ ನಾಲ್ಕು ಸಲ. ಆರು ಸಲ ಗಂಟೆ ಕೇಳಿದರೆ ಅಪಾಯ, ಎಲ್ಲ ನಿಲ್ಲಿಸಿ ಎಂದರ್ಥ.

ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿರುತ್ತಾರೆ. ನಿಲ್ಲದ ಗಾಡಿ ವೇಗ ಇಳಿಸಿ ದಾಟುವಾಗ ಪಾಯಿಂಟ್ಸ್‌ಮನ್ (ಗಾಡಿಯನ್ನು ಹಳಿಯಿಂದ ಹಳಿಗೆ ತಿರುಗಿಸುವ ಕೆಲಸದವನು) ಬಳೆ ಎತ್ತಿ ಹಿಡಿದು ನಿಲ್ಲುತ್ತಾನೆ, ಎಂಜಿನ್ನಿನಿಂದ ಬಾಗಿದವನು ತೋಳು ತೂರಿಸಿ ಅದನ್ನು ಹಿಡಿಯುತ್ತಾನೆ, ಹಳೆಯ ಗುಂಡಿನ ಬಳೆಯನ್ನು ಮುಂದೆ ಎಸೆಯುತ್ತಾನೆ. ರಾತ್ರಿ ಬಳೆ ಕಾಣಲೆಂದು ಪಂಜು ಹಚ್ಚುತ್ತಿದ್ದರು. ಜೂನ್, ಜುಲೈ ತಿಂಗಳ ಮಳೆಯಲ್ಲಿ ಆ ಪಂಜನ್ನು ಆರದಂತೆ ಹಿಡಿದು ನಿಲ್ಲುವುದೇ ಒಂದು ಕಸಬು.

ಇದರಲ್ಲಿ ಕೆಡುವುದು ಏನೇನು? ಒಂದು ದಿಕ್ಕಿಗೆ ಹೆಚ್ಚು ಗಾಡಿ ಹೋದರೆ ಗುಂಡುಗಳೆಲ್ಲ ಒಂದೇ ಸ್ಟೇಷನ್ನಿನಲ್ಲಿ ಸೇರುತ್ತವೆ, ಇನ್ನೊಂದು ಕಡೆ ಯಂತ್ರ ಬರಿದಾಗುತ್ತದೆ. ಆಗ ಸಿಗ್ನಲ್ ವಿಭಾಗದ ಮೇಂಟೇನರ್ ಬಂದು ದಾಖಲೆ ಮಾಡಿ ಗುಂಡುಗಳನ್ನು ಮರುಹಂಚಿಕೆ ಮಾಡಬೇಕು. ಡ್ರೈವರು ಗುಂಡನ್ನು ಕೊಡಲು ಮರೆತು ಮುಂದೆ ಒಯ್ದರೆ ಆ ಸೆಕ್ಷನ್ ಯಂತ್ರ ಬಂಧಿಯಾಗಿಬಿಡುತ್ತದೆ, ಗುಂಡು ವಾಪಸ್ ಬರುವವರೆಗೆ ಕಾಗದದ ಲೈನ್ ಕ್ಲಿಯರ್ ಟಿಕೆಟ್ ಬರೆದುಕೊಟ್ಟು ಗಾಡಿ ಬಿಡಬೇಕು. ಕಾಗದ ಬಂದಲ್ಲಿ ಮನುಷ್ಯನ ಮರೆವಿಗೆ ಅವಕಾಶ ಬಂತು, ಆದ್ದರಿಂದ ಗುಟ್ಟಿನ ಸಂಖ್ಯೆಯ ವಿನಿಮಯ ಆಗ ಇನ್ನೂ ಬಿಗಿ. ಮಲೆನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತಿದ್ದದ್ದು ತಂತಿ. ಕಂಬದ ಮೇಲೆ ಬರಿಮೈಯಲ್ಲಿ ಎಳೆದ ತಂತಿಗೆ ಏಪ್ರಿಲ್, ಮೇ ತಿಂಗಳ ಸಿಡಿಲು ಬಡಿಯುತ್ತದೆ, ಮಳೆಗಾಲಕ್ಕೆ ಕೊಂಬೆ ಬೀಳುತ್ತದೆ, ಬಳ್ಳಿ ಹಬ್ಬಿ ಒದ್ದೆಯಾದಾಗ ವಿದ್ಯುತ್ತು ನೆಲಕ್ಕೆ ಸೋರುತ್ತದೆ. ಯಂತ್ರ ಸುಮ್ಮನಾಗಲು ಇಷ್ಟು ಸಾಕು.

ಗಾಡಿ ಪೂರ್ತಿ ಬಂದಿದೆಯೇ ಎಂದು ನೋಡುವುದು ಕೊನೆಯ ಬೋಗಿಯ ಹಿಂದಿನ ಫಲಕದಿಂದ, ರಾತ್ರಿ ಕೆಂಪು ದೀಪದಿಂದ. ಆ ಗುರುತು ಕಾಣದಿದ್ದರೆ ಹಿಂದಿನ ಕೆಲವು ವ್ಯಾಗನ್ ಕೊಂಡಿ ಕಳಚಿ ಸೆಕ್ಷನ್ನಿನಲ್ಲೇ ಉಳಿದಿರಬಹುದು. ಖಚಿತವಾಗುವವರೆಗೆ ನಾಲ್ಕು ಸಲ ಗಂಟೆ ಹೊಡೆಯುವಂತಿಲ್ಲ.

ಕೈಮರ, ಮಂಜು, ಶೇಡಿ ಮಣ್ಣು

ಹಳೆಯ ಸಿಗ್ನಲ್ ಅಂದರೆ ಕಂಬದ ಮೇಲಿನ ಕೈಮರ. ಕೈ ಅಡ್ಡಕ್ಕಿದ್ದರೆ ನಿಲ್ಲು, ಕೆಳಗೆ ಬಾಗಿದರೆ ಬಾ. ಸ್ಟೇಷನ್ನಿನ ಹಿಡಿ ಎಳೆದರೆ ಕಂಬಿಯ ಪಕ್ಕದ ರಾಟೆಗಳ ಮೇಲೆ ಹಾದ ಉಕ್ಕಿನ ತಂತಿ ಕೈಯನ್ನು ಇಳಿಸುತ್ತದೆ. ತಂತಿ ಹರಿದರೆ ಎದುರುಭಾರದಿಂದ ಕೈ ತಾನೇ ಅಡ್ಡಕ್ಕೆ ಬಂದು ನಿಲ್ಲುತ್ತದೆ. ಕೆಟ್ಟರೂ ಅದು ಅಪಾಯ ತೋರಿಸಿಯೇ ಕೆಡಬೇಕು ಎಂಬ ಬುದ್ಧಿವಂತಿಕೆ ಅದು.

ಆದರೆ ತಂತಿ ಬಿಸಿಲಿಗೆ ಹಿಗ್ಗುತ್ತದೆ. 800 ಮೀಟರ್ ಉಕ್ಕಿನ ತಂತಿ 20 ಡಿಗ್ರಿ ಬಿಸಿಯಾದರೆ ಸುಮಾರು 19 ಸೆಂ.ಮೀ. ಉದ್ದವಾಗುತ್ತದೆ. ಫೆಬ್ರವರಿಯಲ್ಲಿ ನಮ್ಮ ಕಡೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಅಷ್ಟು ಅಂತರ ಸಾಮಾನ್ಯ. ಮಧ್ಯಾಹ್ನ ತಂತಿ ಸಡಿಲವಾಗಿ ಹಿಡಿ ಎಳೆದರೂ ಕೈ ಅರ್ಧಕ್ಕೆ ನಿಲ್ಲುತ್ತದೆ, ಬೆಳಗಿನ ಜಾವ ಬಿಗಿಯಾಗಿ ಎಳೆಯದಿದ್ದರೂ ಕೈ ಸ್ವಲ್ಪ ಜೋಲುತ್ತದೆ. ಎರಡನೆಯದು ಹೆಚ್ಚು ಅಪಾಯ, ಡ್ರೈವರು ಅದನ್ನು ಬಾ ಎಂದು ಓದಿಬಿಡಬಹುದು. ಅದಕ್ಕೇ ಹಿಡಿಯ ಬಳಿ ತಿರುಪು ಇಟ್ಟು ದಿನಕ್ಕೆ ಹಲವು ಬಾರಿ ತಂತಿ ಬಿಗಿ, ಸಡಿಲ ಮಾಡುತ್ತಿದ್ದರು.

ಮಂಜಿಗೆ ಬೇರೆ ನಿಯಮ. 180 ಮೀಟರ್ ದೂರದ ಗೊತ್ತುಪಡಿಸಿದ ಗುರುತು ಕಾಣದಷ್ಟು ಮಂಜು ಅಥವಾ ಮಳೆ ಕವಿದರೆ ಸ್ಟೇಷನ್ ಮಾಸ್ತರು ಆಳು ಕಳಿಸಿ ಮೊದಲ ಸಿಗ್ನಲ್ಲಿನಿಂದ 270 ಮೀಟರ್ ಹೊರಗೆ, 10 ಮೀಟರ್ ಅಂತರದಲ್ಲಿ ಎರಡು ಪಟಾಕಿ ಕಂಬಿಗೆ ಕಟ್ಟಿಸಬೇಕು. ಗಾಲಿ ಹತ್ತಿದಾಗ ಅದು ಸಿಡಿದು ಸಿಗ್ನಲ್ ಹತ್ತಿರ ಬಂತೆಂದು ಡ್ರೈವರಿಗೆ ತಿಳಿಸುತ್ತದೆ.

ಹಳಿಯ ಕೆಳಗಿನ ನೆಲದ್ದು ಇನ್ನೊಂದು ಪಾಡು. ಸಾಗರ ಸೀಮೆಯಲ್ಲಿ ಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ, ಕೆಳಗೆ ಬಿಳಿ, ಹಳದಿ ಶೇಡಿ ಮಣ್ಣು. ಗುಡ್ಡ ಕಡಿದು ದಾರಿ ಮಾಡಿದಾಗ ಈ ಶೇಡಿ ಬಯಲಾಗುತ್ತದೆ. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುವ ಅದು ನೀರು ಕುಡಿದರೆ ಕರಗಿ ಹರಿಯುತ್ತದೆ, ಆಧಾರ ಕಳೆದುಕೊಂಡ ಜಂಬಿಟ್ಟಿಗೆಯ ಬಂಡೆ ಮೇಲಿನಿಂದ ಕಳಚಿ ಬೀಳುತ್ತದೆ. ಇದನ್ನು ತಡೆಯುವುದು ಬಹುಮಟ್ಟಿಗೆ ಚರಂಡಿಯ ಕೆಲಸ. ಕಡಿತದ ನೆತ್ತಿಯ ಮೇಲೆ ಗುಡ್ಡದ ನೀರನ್ನು ಅಡ್ಡಗಟ್ಟಿ ಬೇರೆಡೆ ಒಯ್ಯುವ ಕಾಲುವೆ, ಕೆಳಗೆ ಹಳಿಯ ಎರಡೂ ಪಕ್ಕದ ಚರಂಡಿ. ಮಳೆಗಾಲಕ್ಕೆ ಮೊದಲು ಎರಡನ್ನೂ ತರಗೆಲೆ, ಮಣ್ಣು ತೆಗೆದು ಚೊಕ್ಕ ಮಾಡದಿದ್ದರೆ ಮೊದಲ ಜೋರು ಮಳೆಗೇ ನೀರು ಜಲ್ಲಿಗೆ ನುಗ್ಗುತ್ತದೆ. ಜಲ್ಲಿಯ ಸಂದಿಗೆ ಕೆಸರು ತುಂಬಿದರೆ ಸ್ಲೀಪರ್ (ಕಂಬಿ ಹೊತ್ತ ಅಡ್ಡದಿಮ್ಮಿ) ಮೇಲೆ ಕೆಳಗೆ ಆಡತೊಡಗುತ್ತದೆ, ಕಂಬಿಯ ಮಟ್ಟ ತಪ್ಪುತ್ತದೆ.

ಮಳೆಗಾಲದ ರಾತ್ರಿ ಗಸ್ತು ಇದಕ್ಕಾಗಿಯೇ. ಗಸ್ತಿನವನ ಚೀಲದಲ್ಲಿ 10 ಪಟಾಕಿ, ಮೂರು ಬಣ್ಣದ ಕೈದೀಪ, ಬೆಂಕಿಪೊಟ್ಟಣ, ಸೀಟಿ, ಗಸ್ತಿನ ಪುಸ್ತಕ. ತನ್ನ ಪಾಲಿನ ದಾರಿ ನಡೆದು ತುದಿಯಲ್ಲಿ ಇನ್ನೊಬ್ಬ ಗಸ್ತಿನವನ ಜೊತೆ ಪುಸ್ತಕ ಅದಲುಬದಲು ಮಾಡಿಕೊಳ್ಳಬೇಕು. ಹೀಗೆ ಪುಸ್ತಕ ಸ್ಟೇಷನ್ ಮುಟ್ಟಿದರೆ ಇಡೀ ಹಳಿಯನ್ನು ಯಾರೋ ನಡೆದು ನೋಡಿದ್ದಾರೆ ಎಂದು ಖಾತ್ರಿ. ಮಣ್ಣು ಕುಸಿದದ್ದು ಕಂಡರೆ ಮೀಟರ್‌ಗೇಜಿನಲ್ಲಿ 400 ಮೀಟರಿಗೆ ಒಂದು ಪಟಾಕಿ, 800 ಮೀಟರಿಗೆ 10 ಮೀಟರ್ ಅಂತರದ ಮೂರು ಪಟಾಕಿ. ಬ್ರಾಡ್‌ಗೇಜಿನಲ್ಲಿ ಈ ದೂರ 600 ಮತ್ತು 1200 ಮೀಟರ್. ಕುಸಿತದ ಎರಡೂ ಕಡೆಗೆ ಇದು ಆಗಬೇಕು. ಒಬ್ಬನೇ ಇದ್ದರೆ ಗಾಡಿ ಯಾವ ಕಡೆಯಿಂದ ಮೊದಲು ಬರುತ್ತದೋ ಆ ಕಡೆಗೆ ಮೊದಲು ಓಡಬೇಕು. ಸಣ್ಣ ಸ್ಟೇಷನ್ನಿನ ಚರಿತ್ರೆ ಬರೆಯುವವರು ಮಾಸ್ತರರನ್ನು ನೆನೆಯುತ್ತಾರೆ, ಈ ಗ್ಯಾಂಗಿನವರನ್ನು ಮರೆಯುತ್ತಾರೆ. ದಾರಿ ಉಳಿದದ್ದು ಇವರ ಕಾಲಿನ ಮೇಲೆ.

ಸರಕು ಹೋದ ದಾರಿ

ಕುಂಸಿ ಸುತ್ತಲಿನ ಮ್ಯಾಂಗನೀಸ್ ಅದಿರು, ಕಾಡಿನ ಮರ, ಬಿದಿರು, ಸಾಗರದ ಅಡಿಕೆ ಈ ಸೀಮೆಯ ಸರಕು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆ ನಡೆಯುತ್ತಿದ್ದದ್ದು ಕಟ್ಟಿಗೆಯ ಇದ್ದಿಲಿನಿಂದ. ಕಾಡಿನ ಮರವೇ ಅದರ ಇಂಧನ. 1930ರ ದಶಕದಲ್ಲಿ ಅಲ್ಲೇ ಸ್ಥಾಪನೆಯಾದ ಕಾಗದ ಕಾರ್ಖಾನೆಗೆ ಬಿದಿರು ಬೇಕಾಯಿತು. ಸ್ಟೇಷನ್ನಿನಲ್ಲಿ ಗೂಡ್ಸ್ ಶೆಡ್ಡು, ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ) ಇರುತ್ತಿದ್ದದ್ದು ಇಂಥ ಸರಕಿಗೆ.

ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದ ಆರಂಭದಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಹಳಿ ಜೋಗದತ್ತ ಸಾಗಿತು, ಜೋಗದ ವಿದ್ಯುತ್ತು ಇದ್ದಿಲಿನ ಅಗತ್ಯ ತಗ್ಗಿಸಿತು. ಆಮೇಲೆ ಲಾರಿ ಬಂತು. ಅಡಿಕೆ ಮಂಡಿಯ ಬಾಗಿಲಿಗೇ ಲಾರಿ ಹೋಗುವಾಗ ಮೂಟೆಯನ್ನು ಗಾಡಿಯಲ್ಲಿ ಸ್ಟೇಷನ್ನಿಗೆ ತಂದು, ಇಳಿಸಿ, ವ್ಯಾಗನ್ನಿಗೆ ಏರಿಸಿ, ಬೀರೂರಿನಾಚೆ ಗೇಜು ಬದಲಾಗುವಲ್ಲಿ ಮತ್ತೆ ಇಳಿಸಿ ಏರಿಸುವವರು ಯಾರು? ಮೀಟರ್‌ಗೇಜ್ ದಾರಿಗಳ ಸರಕನ್ನು ಕೊಂದದ್ದರಲ್ಲಿ ಈ ಕೈಬದಲಿಯ ಪಾಲು ದೊಡ್ಡದು.

ಕೊನೆಯ ವರ್ಷಗಳಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ಓಡಿದ್ದು ಒಂದೇ ಬೋಗಿಯ ರೈಲ್‌ಬಸ್. ಒಂದೇ ಗಾಡಿ ಹೋಗಿ ಬರುವ ದಾರಿಯಲ್ಲಿ ಕ್ರಾಸಿಂಗಿನ ಪ್ರಶ್ನೆಯೇ ಇಲ್ಲ. ಮೇಲಿನ ಸ್ಕಾಟ್ ಸೂತ್ರದ ಪ್ರಕಾರ ಸ್ಟೇಷನ್‌ಗಳು ಆಗಲೇ ಕೆಲಸ ಕಳೆದುಕೊಂಡಿದ್ದವು.

ಗೇಜು ಬದಲಾದಾಗ ಕಟ್ಟಡಕ್ಕೆ ಏನಾಯಿತು

ಬೀರೂರು–ಶಿವಮೊಗ್ಗ ಹಳಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಮುಂದಿನ ಭಾಗ ತಡವಾಗಿ, 2011ರಲ್ಲಿ ತಾಳಗುಪ್ಪದವರೆಗೆ ಪೂರ್ತಿಯಾಯಿತು. ಕಂಬಿಗಳ ನಡುವಿನ ಅಗಲ 1000 ಮಿ.ಮೀ.ಯಿಂದ 1676 ಮಿ.ಮೀ.ಗೆ ಏರುವುದು ಅಂದರೆ ಕಂಬಿ ಸರಿಸಿ ಇಡುವುದಷ್ಟೇ ಅಲ್ಲ. ಮೀಟರ್‌ಗೇಜಿಗೆ 109 ಮೀಟರ್ ತ್ರಿಜ್ಯದ ತಿರುವಿನವರೆಗೂ ಅನುಮತಿ ಇದೆ, ಬ್ರಾಡ್‌ಗೇಜಿಗೆ 175 ಮೀಟರಿಗಿಂತ ಬಿಗಿಯಾದ ತಿರುವು ಆಗದು. ಗುಡ್ಡದ ಮೈಗೆ ಒತ್ತಿ ಹಾಕಿದ್ದ ತಿರುವುಗಳನ್ನು ಸಡಿಲಿಸಲು ಹೊಸದಾಗಿ ಗುಡ್ಡ ಕಡಿಯಬೇಕು, ಏರಿ ಅಗಲಿಸಬೇಕು, ಸೇತುವೆಯ ತೊಲೆ ಬದಲಿಸಬೇಕು.

ಪ್ಲಾಟ್‌ಫಾರ್ಮಿನದು ಇನ್ನೊಂದು ಸಮಸ್ಯೆ. ಹಳೆಯ ಸ್ಟೇಷನ್ನುಗಳದು ಹೆಚ್ಚುಕಡಿಮೆ ನೆಲಮಟ್ಟದ ಪ್ಲಾಟ್‌ಫಾರ್ಮು. ಬ್ರಾಡ್‌ಗೇಜ್ ಬೋಗಿಯ ನೆಲ ಕಂಬಿಯಿಂದ ಸುಮಾರು 1.3 ಮೀಟರ್ ಮೇಲಿರುತ್ತದೆ, ಎತ್ತರದ ಪ್ಲಾಟ್‌ಫಾರ್ಮು 760ರಿಂದ 840 ಮಿ.ಮೀ. ಇರಬೇಕು. ಹಳೆಯ ಕಟ್ಟಡದ ಮುಂದೆ ಅಷ್ಟು ಎತ್ತರಿಸಿದರೆ ಅದರ ಬಾಗಿಲು, ಟಿಕೆಟ್ ಕಿಂಡಿ ತಗ್ಗಿನಲ್ಲಿ ಹೂತುಹೋಗುತ್ತವೆ, ಮಳೆ ನೀರು ಒಳಗೆ ಇಳಿಯುತ್ತದೆ. ಆದ್ದರಿಂದ ಹೊಸ ಕಟ್ಟಡ ಕಟ್ಟಿ ಹಳೆಯದನ್ನು ಕೆಡವುವುದು ಅಥವಾ ಹಾಗೇ ಬಿಡುವುದು ರೂಢಿಯಾಯಿತು.

ಬಿಟ್ಟ ಹೆಂಚಿನ ಕಟ್ಟಡ ಮಲೆನಾಡಿನಲ್ಲಿ ಕೆಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಗಾಳಿಗೆ ಅಥವಾ ಮಂಗನ ಓಡಾಟಕ್ಕೆ ಒಂದೆರಡು ಹೆಂಚು ಜರುಗುತ್ತವೆ. ಆ ಸಂದಿಯಿಂದ ರೀಪು ನೆನೆಯುತ್ತದೆ, ನೆನೆದಲ್ಲಿ ಗೆದ್ದಲು ಹತ್ತುತ್ತದೆ. ರೀಪು ಮುರಿದಾಗ ಸಾಲು ಹೆಂಚು ಜಾರುತ್ತದೆ, ನಂತರ ಪಕಾಸಿ, ಕೊನೆಗೆ ಗೋಡೆಯ ತಲೆಗೆ ನೀರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಮಾಡು ಹತ್ತಿ ಹೆಂಚು ಸರಿಪಡಿಸಿದರೆ ಇದರಲ್ಲಿ ಒಂದೂ ಆಗದು.

ಅರಸಾಳಿನ ಹಳೆಯ ಕಟ್ಟಡ ಉಳಿದದ್ದು ಇನ್ನೊಂದು ಕಾರಣಕ್ಕೆ. 1980ರ ದಶಕದಲ್ಲಿ ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳು ಇಲ್ಲಿ ಚಿತ್ರೀಕರಣವಾದವು. ಪಾಳುಬಿದ್ದಿದ್ದ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆಯಿತು. ಕಟ್ಟಡ ಉಳಿದದ್ದು ಬಹಳ ಸಂತೋಷದ ವಿಷಯ. ಆದರೆ ಅರಸಾಳಿಗೆ ಟಿವಿಯಾಚೆಗೂ ಒಂದು ಚರಿತ್ರೆ ಇದೆ. ಅದು ಟೋಕನ್ನಿನದು, ಮರ ಹೊತ್ತ ವ್ಯಾಗನ್ನಿನದು, ಗಸ್ತಿನ ಪುಸ್ತಕದ್ದು. ಅದಕ್ಕೂ ಅಲ್ಲಿ ಒಂದು ಗೋಡೆ ಸಿಗಬೇಕು.

ತಮ್ಮೂರಿನ ಸ್ಟೇಷನ್ ಚರಿತ್ರೆ ಬರೆಯಲು ಹೊರಟವರು ಮೊದಲು ಕಬ್ಬಿಣ ಓದಬೇಕು. ಕಂಬಿಯ ಹೊಟ್ಟೆಯ ಮೇಲೆ ತಯಾರಿಸಿದ ಕಾರ್ಖಾನೆ, ತೂಕ, ಇಸವಿ ಉಬ್ಬಕ್ಷರದಲ್ಲಿ ಇರುತ್ತವೆ. 60 ಆರ್ ಎಂದಿದ್ದರೆ ಗಜಕ್ಕೆ 60 ಪೌಂಡು, ಮೀಟರಿಗೆ ಸುಮಾರು 30 ಕೆ.ಜಿ.; ಈಗಿನ ಬ್ರಾಡ್‌ಗೇಜ್ ಕಂಬಿ ಮೀಟರಿಗೆ 52 ಅಥವಾ 60 ಕೆ.ಜಿ. ಹಳೆಯ ಕಂಬಿಯ ತುಂಡುಗಳು ಗೇಟಿನ ಕಂಬವಾಗಿ, ಬೇಲಿಯ ಗೂಟವಾಗಿ, ಶಾಲೆಯ ಗಂಟೆಯಾಗಿ ಊರಲ್ಲೇ ಇರುತ್ತವೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ಆ ಇಸವಿ ಕಂಬಿ ತಯಾರಾದದ್ದು, ಹಳಿ ಹಾಕಿದ್ದಲ್ಲ. ಬೇರೆ ದಾರಿಯಲ್ಲಿ ಸವೆದ ಕಂಬಿಯನ್ನು ಕವಲು ದಾರಿಗೆ ಹಾಕುವುದು ಸಾಮಾನ್ಯವಾಗಿತ್ತು. ನಿವೃತ್ತ ಪಾಯಿಂಟ್ಸ್‌ಮನ್, ಗ್ಯಾಂಗಿನವರ ಮನೆಯಲ್ಲಿ ಹಳೆಯ ವೇಳಾಪಟ್ಟಿ, ಸುಮಾರು 57 ಮಿ.ಮೀ. ಉದ್ದ 30 ಮಿ.ಮೀ. ಅಗಲದ ರಟ್ಟಿನ ಟಿಕೆಟ್ ಸಿಗಬಹುದು. ಟಿಕೆಟ್ಟಿನಲ್ಲಿ ದರ, ದೂರ, ತಾರೀಕು ಮೂರೂ ಇರುವುದರಿಂದ ಅದು ಒಳ್ಳೆಯ ದಾಖಲೆ.

ಈಗ ಗಾಡಿ ನಿಲ್ಲಬೇಕಾದರೆ

ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿ ಎಂಬ ಬೇಡಿಕೆಗೆ ರೈಲ್ವೆ ಸಾಮಾನ್ಯವಾಗಿ ಕೊಡುವುದು ಪ್ರಾಯೋಗಿಕ ನಿಲುಗಡೆ, ಹೆಚ್ಚಾಗಿ ಆರು ತಿಂಗಳಿಗೆ. ಆಮೇಲೆ ಅಲ್ಲಿಂದ ಮತ್ತು ಅಲ್ಲಿಗೆ ಮಾರಾಟವಾದ ಟಿಕೆಟ್ ನೋಡಿ ಮುಂದುವರಿಸುವುದೋ ಬಿಡುವುದೋ ತೀರ್ಮಾನವಾಗುತ್ತದೆ. ಇಲ್ಲಿ ಊರಿನವರು ತಿಳಿಯದೆ ಮಾಡುವ ಒಂದು ತಪ್ಪಿದೆ. ಶಿವಮೊಗ್ಗದಲ್ಲಿ ಹತ್ತುವವರು ಅಭ್ಯಾಸಬಲದಿಂದ ಆನಂದಪುರಕ್ಕೋ ಸಾಗರಕ್ಕೋ ಟಿಕೆಟ್ ತೆಗೆದು ನಡುವಿನ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಆ ಪ್ರಯಾಣ ಆನಂದಪುರದ ಲೆಕ್ಕಕ್ಕೆ ಹೋಗುತ್ತದೆ, ಇಳಿದ ಊರಿನ ಲೆಕ್ಕ ಸೊನ್ನೆಯಾಗಿಯೇ ಉಳಿಯುತ್ತದೆ. ಕಿಂಡಿಯಲ್ಲಿ ತೆಗೆಯಲಿ, ಮೊಬೈಲಿನಲ್ಲಿ ತೆಗೆಯಲಿ, ಇಳಿಯುವ ಮತ್ತು ಹತ್ತುವ ಸ್ಟೇಷನ್ನಿನ ಹೆಸರೇ ಟಿಕೆಟ್ಟಿನಲ್ಲಿ ಇರಬೇಕು. ಹಾಲ್ಟುಗಳಲ್ಲಿ ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟರು ಹತ್ತಿರದ ದೊಡ್ಡ ಸ್ಟೇಷನ್ನಿನಿಂದ ಮುಂಗಡ ಹಣ ಕೊಟ್ಟು ಟಿಕೆಟ್ ತಂದಿರುತ್ತಾರೆ; ಅವರ ಬಳಿ ಕೊಳ್ಳದೆ ಗಾಡಿ ಹತ್ತಿದರೆ ಏಜೆನ್ಸಿ ಹಿಡಿಯಲು ಯಾರೂ ಮುಂದೆ ಬರುವುದಿಲ್ಲ, ಏಜೆಂಟರಿಲ್ಲದ ಹಾಲ್ಟಿನಲ್ಲಿ ಮಾರಾಟದ ಅಂಕಿಯೇ ಹುಟ್ಟುವುದಿಲ್ಲ. ಮನವಿ ಕೊಡುವಾಗ ಸುತ್ತಲ ಹಳ್ಳಿಗಳ ಹೆಸರು, ಶಾಲಾ ಕಾಲೇಜಿಗೆ ದಿನಾ ಹೋಗುವವರ ಸಂಖ್ಯೆ, ರಿಪ್ಪನ್‌ಪೇಟೆಯಂಥ ಪೇಟೆಗೆ ಅಲ್ಲಿಂದಿರುವ ದೂರ, ಬಸ್ಸಿನ ವೇಳೆ ಇವನ್ನೆಲ್ಲ ಬರೆದು ಮೈಸೂರು ವಿಭಾಗದ ಕಚೇರಿಗೆ ಕೊಡುವುದು ಒಳ್ಳೆಯದು.